ಗುರುತು ಕಟ್ಟದೆ ಗುರುತಿಸುವ ವಿದ್ಯೆ

ಕೆನಡಾ ದೇಶದ ಕ್ವಿಬೆಕ್ ನಗರದಲ್ಲಿರುವ ಲಾವಾಲ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಮಾರಿಯೋ ಲೆಕ್ಲೇರ್ ಅವರೂ ಅವರ ಸಂಗಡಿಗರೂ 2002ರಲ್ಲಿ ‘ಅಂಗೆವಾಂಟೆ ಖೆಮೀ’ ಎಂಬ ಜರ್ಮನಿಯ ಹೆಸರಾಂತ ರಸಾಯನ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗವೊಂದು, ನೋಡುವ ಕಣ್ಣಿಗೆ, ಹೈಸ್ಕೂಲಿನ ಮಕ್ಕಳ ಮುಂದೆ ಮಾಡಿ ತೋರಿಸಬಹುದಾದಷ್ಟು ಸರಳವಾದುದು. ಒಂದು ಪುಟ್ಟ ನಾಳದಲ್ಲಿ ನೀರು. ಆ ನೀರಿನಲ್ಲಿ ಕರಗಿರುವ ಒಂದು ಪಾಲಿಮರ್. ದ್ರವದ ಬಣ್ಣ ಹಳದಿ. ಇಪ್ಪತ್ತು ಅಕ್ಷರಗಳಷ್ಟು ಉದ್ದದ, ಒಂಟಿ ಎಳೆಯ ಡಿಎನ್‌ಎ ತುಣುಕನ್ನು ಅದಕ್ಕೆ ಬೆರೆಸಿದೊಡನೆ ಹಳದಿಯು ಕೆಂಪಿಗೆ ತಿರುಗುತ್ತದೆ. ಅನಂತರ, ಆ ತುಣುಕಿಗೆ ಸರಿಜೋಡಿಯಾಗತಕ್ಕ ಇನ್ನೊಂದು ಎಳೆಯನ್ನು ಸೇರಿಸಿ, 55 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಐದು ನಿಮಿಷ ಇರಿಸಿದರೆ, ಕೆಂಪು ಕರಗಿ ಹಳದಿಯು ಮರಳಿ ಬರುತ್ತದೆ. ಜೋಡಿಯಾಗದ ಎಳೆಯನ್ನು ಹಾಕಿದರೆ ಕೆಂಪು ಕೆಂಪಾಗಿಯೇ ಉಳಿಯುತ್ತದೆ. ಇಪ್ಪತ್ತರಲ್ಲಿ ಒಂದೆರಡು ಅಕ್ಷರಗಳು ಮಾತ್ರ ವ್ಯತ್ಯಾಸವಾದ ಎಳೆಯನ್ನು ಹಾಕಿದರೂ ಬಣ್ಣವು ಪೂರ್ತಿಯಾಗಿ ತಿರುಗದೆ, ಎಲ್ಲಿಯೋ ಎಡವಿತೆಂಬುದನ್ನು ತಿಳಿಸುತ್ತದೆ.

ಈ ಬಣ್ಣಗಳ ಆಟದಲ್ಲಿ ಆಶ್ಚರ್ಯಪಡಬೇಕಾದದ್ದು ಯಾವುದೆಂದರೆ, ಡಿಎನ್‌ಎಗೆ ತನ್ನದೆಂಬ ಬಣ್ಣವೇ ಇಲ್ಲ. ಅದು ಹೀರುವ ಬೆಳಕು ನೇರಳಾತೀತ ಭಾಗಕ್ಕೆ ಸೇರಿದ, 260 ನ್ಯಾನೋಮೀಟರಿನ ಆಸುಪಾಸಿನ ತರಂಗಾಂತರದ್ದಾದುದರಿಂದ, ಮನುಷ್ಯನ ಕಣ್ಣಿಗೆ ಅದರ ದ್ರಾವಣವು ಬರಿಯ ನೀರು. ಹೀಗಿರುವಾಗ ಆ ಅದೃಶ್ಯ ವಸ್ತುವನ್ನು, ಅದರಲ್ಲಿಯೂ ಅದರ ಒಂದು ನಿರ್ದಿಷ್ಟವಾದ ಅಕ್ಷರಪಂಕ್ತಿಯನ್ನು, ಯಾವ ರಾಸಾಯನಿಕ ಗುರುತನ್ನೂ ಅದಕ್ಕೆ ಅಂಟಿಸದೆ ಕಂಡುಹಿಡಿಯುವುದು ಹೇಗೆ ಸಾಧ್ಯವಾಯಿತೆಂಬುದೇ ಈ ಲೇಖನದ ವಿಷಯ.

ಮೊದಲು, ಗುರುತು ಕಟ್ಟುವ ಪದ್ಧತಿಯೇಕೆ ಬಂದಿತೆಂಬುದನ್ನು ಹೇಳಬೇಕು. ಡಿಎನ್‌ಎಯ ಎರಡು ಎಳೆಗಳು ಒಂದನ್ನೊಂದು ಸುತ್ತಿಕೊಂಡಿರುವ ಬಗೆಯನ್ನು ವಾಟ್ಸನ್ ಮತ್ತು ಕ್ರಿಕ್ ಅವರು, ರೋಸಲಿಂಡ್ ಫ್ರಾಂಕ್ಲಿನ್ ಅವರ ಪ್ರಯೋಗಾಲಯದ ಕ್ಷಕಿರಣ ಚಿತ್ರದ ಆಧಾರವನ್ನೂ ಪಡೆದು, 1953ರಲ್ಲಿ ಲೋಕಕ್ಕೆ ತಿಳಿಸಿದರಷ್ಟೆ. ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಅಡೆನೀನಿಗೆ ಥೈಮೀನ್, ಗ್ವಾನೀನಿಗೆ ಸೈಟೊಸೀನ್ ಎಂಬ ನಿಯಮದಿಂದ ಒಂದು ಎಳೆಯು ಇನ್ನೊಂದನ್ನು ಕರೆದುಕೊಳ್ಳುತ್ತದೆ. ಕಾಯಿಸಿದರೆ ಎರಡೂ ಬೇರೆಯಾಗುತ್ತವೆ, ಮೆಲ್ಲನೆ ತಣಿಸಿದರೆ ತಮ್ಮ ತಮ್ಮ ಜೋಡಿಯನ್ನು ಹುಡುಕಿ ಮತ್ತೆ ಸೇರುತ್ತವೆ. ಆದುದರಿಂದ ಕ್ಷಯದ ಕ್ರಿಮಿಯೋ, ಯಾವುದೋ ವಂಶಾನುಗತ ರೋಗದ ದೋಷವೋ ಒಂದು ಮಾದರಿಯಲ್ಲಿ ಇದೆಯೇ ಎಂಬುದನ್ನರಿಯಲು, ಆ ಅಕ್ಷರಪಂಕ್ತಿಗೆ ಸರಿಜೋಡಿಯಾದ ಒಂದು ಚಿಕ್ಕ ಎಳೆಯನ್ನು ಶೋಧಕವಾಗಿ ಕಳುಹಿಸಿದರೆ ಸಾಕು. ಇಪ್ಪತ್ತು ಅಕ್ಷರಗಳ ಸಾಲು ಎಂದರೆ ನಾಲ್ಕನ್ನು ಇಪ್ಪತ್ತು ಸಲ ಗುಣಿಸಿದಷ್ಟು, ಅಂದರೆ ಒಂದು ಲಕ್ಷ ಕೋಟಿಗೂ ಮೀರಿದ ಸಾಧ್ಯತೆಗಳಲ್ಲಿ ಒಂದು; ಮನುಷ್ಯನ ಜೀನರಾಶಿಯ ಅಕ್ಷರಗಳು ಸುಮಾರು 300 ಕೋಟಿ. ಜಾಣತನದಿಂದ ಆರಿಸಿದ ಶೋಧಕವು ಕಾಗುಣಿತ ತಪ್ಪದೆ ಒಂದೇ ಸ್ಥಳಕ್ಕೆ ಹೋಗಿ ಕೂಡುವುದು ಹೀಗೆ.

ಹೋಗಿ ಕೂಡಿತೆಂಬುದನ್ನು ನಮಗೆ ಹೇಳುವವರು ಯಾರು? ಕಾಡಿಗೆ ಬಿಟ್ಟ ದನವು ಎಲ್ಲಿ ಮೇಯುತ್ತಿದೆಯೆಂದು ತಿಳಿಯಲು ಮಲೆನಾಡಿನವರು ಅದರ ಕೊರಳಿಗೆ ಮರದ ದೊಂಟೆಯನ್ನು ಕಟ್ಟುವಂತೆ, ವಿಜ್ಞಾನಿಗಳು ಡಿಎನ್‌ಎಯ ಎಳೆಗೆ ಒಂದು ಗುರುತನ್ನು ಕಟ್ಟಿದರು. ಎಡ್ವಿನ್ ಸದರ್ನ್ ಅವರು 1975ರಲ್ಲಿ ಪ್ರಕಟಿಸಿದ ಪ್ರಸಿದ್ಧ ವಿಧಾನದಲ್ಲಿ ಆ ಗುರುತು ವಿಕಿರಣಶೀಲವಾದ ರಂಜಕ-32. ಶೋಧಕವು ಹತ್ತಿದ ಸ್ಥಳವನ್ನು ಅದರ ವಿಕಿರಣವು ಛಾಯಾಚಿತ್ರದ ಫಿಲ್ಮಿನ ಮೇಲೆ ಕಪ್ಪು ಪಟ್ಟಿಯಾಗಿ ಬರೆಯುತ್ತಿತ್ತು. ನಮ್ಮ ದೇಶದಲ್ಲಿ, ಹೈದರಾಬಾದಿನ ಕೋಶೀಯ ಮತ್ತು ಅಣುಜೀವಶಾಸ್ತ್ರ ಕೇಂದ್ರದ ಲಾಲ್‌ಜಿ ಸಿಂಗ್ ಅವರು 1988ರ ಹೊತ್ತಿಗೆ ಬಳಕೆಗೆ ತಂದ ಡಿಎನ್‌ಎ ಬೆರಳಚ್ಚಿನ ವಿಧಾನವೂ ಇದೇ ಜಾತಿಯದು. ಅವರ ಶೋಧಕದ ಮೂಲ ಪಟ್ಟೆಪಟ್ಟೆಯ ಕಟ್ಟುಹಾವಿನ ಡಿಎನ್‌ಎ ಎಂಬುದು ಈಗಲೂ ಕೇಳಿದವರನ್ನು ಬೆರಗುಗೊಳಿಸುವ ಸಂಗತಿ. ನಮ್ಮ ನೆರೆಯ ತಲಶ್ಶೇರಿಯ ನ್ಯಾಯಾಲಯದಲ್ಲಿ ಮಗುವಿನ ತಂದೆ ಯಾರೆಂಬ ವ್ಯಾಜ್ಯವೊಂದು ತೀರ್ಮಾನವಾದುದು ಅಂಥ ಸಾಕ್ಷ್ಯದಿಂದ.

ಆದರೆ ಗುರುತು ಕಟ್ಟುವುದೆಂದರೆ ಹೊರೆ. ರಂಜಕ-32ರ ಅರ್ಧಾಯುಷ್ಯ ಹದಿನಾಲ್ಕು ದಿನಗಳಿಗೆ ಸ್ವಲ್ಪ ಹೆಚ್ಚು. ತರಿಸಿಕೊಂಡ ಸರಕು ಕಪಾಟಿನಲ್ಲಿರುವಾಗಲೇ ಕ್ಷೀಣಿಸುತ್ತದೆ, ಬಳಸುವವನು ಮರೆಯ ಹಿಂದೆ ನಿಂತು ಬಳಸಬೇಕು, ಉಳಿದ ಕಸವನ್ನು ಕಾವಲಿಟ್ಟು ಕಾಯಬೇಕು. ಇದಕ್ಕೆ ಬದಲಾಗಿ ಬಂದ ಪ್ರತಿದೀಪ್ತಿ ವರ್ಣಗಳು, ಅಂದರೆ ಒಂದು ಬಣ್ಣದ ಬೆಳಕನ್ನು ಹೀರಿ ಇನ್ನೊಂದು ಬಣ್ಣದ ಬೆಳಕನ್ನು ಚೆಲ್ಲುವ ರಂಗುಗಳು, ನಿರಪಾಯವಾದರೂ ದುಬಾರಿಯವು. ಅವನ್ನು ಎಳೆಯ ಒಂದು ತುದಿಗೆ ರಾಸಾಯನಿಕವಾಗಿ ಬೆಸೆಯಬೇಕು, ಬೆಸೆಯದೆ ಉಳಿದುದನ್ನು ತೊಳೆದು ತೆಗೆಯಬೇಕು. ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ, ರೋಗಿಯಿಂದ ಬಂದ ಮಾದರಿಯ ಡಿಎನ್‌ಎಗೇ ಗುರುತು ಕಟ್ಟಬೇಕಾದ ವಿಧಾನಗಳಲ್ಲಿ ಪ್ರತಿಯೊಂದು ಮಾದರಿಗೂ ಈ ಕೆಲಸವನ್ನು ಮೊದಲಿನಿಂದ ಮಾಡಬೇಕು.

ಇಷ್ಟೆಲ್ಲ ಪಾಡುಪಡುವಾಗ ಒಂದು ಪ್ರಶ್ನೆಯು ಹುಟ್ಟದೆ ಇರದು: ಡಿಎನ್‌ಎಯ ಮೈಮೇಲೆ ಹುಟ್ಟಿನಿಂದಲೇ ಬಂದ ಗುರುತು ಯಾವುದೂ ಇಲ್ಲವೇ? ಇದೆ. ಅದರ ಬೆನ್ನೆಲುಬಿನಲ್ಲಿ ಸಕ್ಕರೆ ಮತ್ತು ಫಾಸ್ಫೇಟ್ ಒಂದರ ನಂತರ ಒಂದು ಬರುತ್ತವೆ. ಪ್ರತಿಯೊಂದು ಫಾಸ್ಫೇಟಿನ ಮೇಲೂ ನೀರಿನಲ್ಲಿ ಒಂದು ಋಣ ವಿದ್ಯುದಂಶ ನಿಂತಿರುತ್ತದೆ. ಆದಕಾರಣ ಡಿಎನ್‌ಎ ಎಂಬುದು ಆದ್ಯಂತವೂ ಋಣ ವಿದ್ಯುತ್ತನ್ನು ಹೊತ್ತ ಹುರಿ. ಒಂಟಿ ಎಳೆಯು ಮೆದುವಾಗಿ, ಬೇಕಾದಂತೆ ಬಾಗುತ್ತದೆ. ಜೋಡಿಯೆಳೆಯು ಎರಡು ನ್ಯಾನೋಮೀಟರ್ ದಪ್ಪದ, ಸೆಟೆದ ಸುರುಳಿಯಾಗುತ್ತದೆ, ಮತ್ತು ಅದೇ ಉದ್ದದಲ್ಲಿ ಅದರ ವಿದ್ಯುದಂಶವು ಇಮ್ಮಡಿಸುತ್ತದೆ. ವಿದ್ಯುದಂಶ ಮತ್ತು ಆಕಾರ ಈ ಎರಡನ್ನೂ ಮುಟ್ಟಿ ಅರಿತು, ಅರಿತುದನ್ನು ಬಣ್ಣವಾಗಿ ಆಡಿ ತೋರಿಸಬಲ್ಲ ವಸ್ತುವೊಂದು ದೊರೆತರೆ, ಹೊರಗಿನ ಗುರುತು ಏತಕ್ಕೆ?

ಅಂಥ ವಸ್ತುವು ದೊರೆತದ್ದು ಬೇರೊಂದು ಮನೆಯಿಂದ. ಪ್ಲಾಸ್ಟಿಕ್ಕು ವಿದ್ಯುತ್ತನ್ನು ಹರಿಯಗೊಡದೆಂಬುದು ತಂತಿಗೆ ಪ್ಲಾಸ್ಟಿಕ್ ಹೊದಿಸುವ ಪ್ರತಿಯೊಬ್ಬ ಮಿಸ್ತ್ರಿಯೂ ಬಲ್ಲ ಮಾತು. 1967ರಲ್ಲಿ ಟೋಕಿಯೋ ತಂತ್ರಜ್ಞಾನ ಸಂಸ್ಥೆಯಲ್ಲಿ ಹಿದೆಕಿ ಶಿರಕಾವಾ ಅವರ ಬಳಿ ಕೆಲಸ ಮಾಡುತ್ತಿದ್ದ ಸಂಶೋಧಕರೊಬ್ಬರು ಪಾಲಿಅಸಿಟಲೀನ್ ಎಂಬ ಪಾಲಿಮರನ್ನು ತಯಾರಿಸುವಾಗ, ವೇಗವರ್ಧಕವನ್ನು ಬೇಕಾದುದಕ್ಕಿಂತ ಸಾವಿರ ಪಟ್ಟು ಹೆಚ್ಚಾಗಿ ಸುರಿದುಬಿಟ್ಟರು. ಕಪ್ಪು ಪುಡಿಯಾಗಬೇಕಾದದ್ದು ಬೆಳ್ಳಿಯ ಹೊಳಪಿನ ತೆಳುಪೊರೆಯಾಗಿ ಪಾತ್ರೆಯ ಒಳಗೋಡೆಗೆ ಅಂಟಿಕೊಂಡಿತು. ಅಮೆರಿಕೆಯ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಅಲನ್ ಮ್ಯಾಕ್‌ಡಯರ್ಮಿಡ್ ಅವರು ಜಪಾನಿಗೆ ಹೋಗಿದ್ದಾಗ ಈ ಸಂಗತಿಯನ್ನು ಕೇಳಿ, ಶಿರಕಾವಾ ಅವರನ್ನು ತಮ್ಮಲ್ಲಿಗೆ ಬರಮಾಡಿಕೊಂಡರು. ಭೌತಶಾಸ್ತ್ರಜ್ಞ ಅಲನ್ ಹೀಗರ್ ಜೊತೆಗೂಡಿದರು. ಆ ಪೊರೆಗೆ ಅಯೊಡೀನಿನ ಆವಿಯನ್ನು ತಾಗಿಸಿದಾಗ ಅದರ ವಿದ್ಯುದ್ವಾಹಕತೆಯು ಒಂದು ಕೋಟಿ ಪಟ್ಟು ಏರಿತೆಂಬುದು 1977ರಲ್ಲಿ ಪ್ರಕಟವಾಯಿತು. ಮೂವರಿಗೂ 2000ದ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು.

ಈ ಬಗೆಯ ಪಾಲಿಮರುಗಳ ಮರ್ಮವು ಅವುಗಳ ಬೆನ್ನೆಲುಬಿನಲ್ಲಿದೆ. ಇಂಗಾಲದ ಪರಮಾಣುಗಳ ನಡುವೆ ಒಂಟಿಬಂಧ, ಜೋಡಿಬಂಧ, ಮತ್ತೆ ಒಂಟಿಬಂಧ ಎಂದು ಬಂಧಗಳು ಸರದಿಯಾಗಿ ಬರುವುದರಿಂದ, ಎಲೆಕ್ಟ್ರಾನುಗಳು ಒಂದು ಪರಮಾಣುವಿನ ಮನೆಗಷ್ಟೇ ಸೀಮಿತವಾಗಿರದೆ ಉದ್ದಕ್ಕೂ ಹರಡಿಕೊಳ್ಳುತ್ತವೆ. ಹೀಗೆ ಹರಡಿಕೊಂಡ ಉದ್ದವು ಹೆಚ್ಚಾದಷ್ಟೂ ಅವು ಹೀರುವ ಬೆಳಕು ನೇರಳೆಯ ಕಡೆಯಿಂದ ಕೆಂಪಿನ ಕಡೆಗೆ ಸರಿಯುತ್ತದೆ. ಲೆಕ್ಲೇರ್ ಅವರು ಆರಿಸಿಕೊಂಡದ್ದು ಪಾಲಿಥಯೊಫೀನ್: ನಾಲ್ಕು ಇಂಗಾಲ ಮತ್ತು ಒಂದು ಗಂಧಕ ಸೇರಿದ ಐದು ಮೂಲೆಯ ಬಳೆಗಳು ಒಂದಕ್ಕೊಂದು ಕೈಹಿಡಿದು ನಿಂತ ಸರಪಳಿ. ಬಳೆಗಳೆಲ್ಲ ಒಂದೇ ಸಮತಲದಲ್ಲಿ ಮಲಗಿದರೆ ಎಲೆಕ್ಟ್ರಾನುಗಳಿಗೆ ಹಾದಿಯು ಸರಾಗ. ಒಂದು ಬಳೆಯು ಪಕ್ಕದ ಬಳೆಯಿಂದ ಹೊರಳಿ ತಿರುಚಿಕೊಂಡರೆ ಹಾದಿಯು ಅಲ್ಲಿಗೆ ಕಡಿಯುತ್ತದೆ. ಹಾಗಾಗಿ ಸರಪಳಿಯ ಭಂಗಿಯೇ ಅದರ ಬಣ್ಣವನ್ನು ನಿರ್ಣಯಿಸುತ್ತದೆ. ಶಾಖದಿಂದಲೂ ಲವಣಗಳಿಂದಲೂ ಈ ಪಾಲಿಮರುಗಳ ಬಣ್ಣವು ಬದಲಾಗುವುದನ್ನು ಲೆಕ್ಲೇರ್ ಅವರ ತಂಡವು 1990ರ ದಶಕದುದ್ದಕ್ಕೂ ಅಭ್ಯಾಸಮಾಡುತ್ತಲೇ ಬಂದಿದ್ದುದರಿಂದ, ಡಿಎನ್‌ಎಯ ಯೋಚನೆಯು ಅವರಿಗೆ ಆಕಾಶದಿಂದ ಉದುರಿದ್ದೇನೂ ಅಲ್ಲ.

ಅವರು ಮಾಡಿದ ಉಪಾಯವೆಂದರೆ, ಥಯೊಫೀನಿನ ಪ್ರತಿಯೊಂದು ಬಳೆಗೂ ಇಮಿಡಜೋಲಿಯಮ್ ಎಂಬ, ಸದಾ ಧನ ವಿದ್ಯುದಂಶವನ್ನು ಹೊತ್ತಿರುವ ಗುಂಪನ್ನು ಒಂದು ಚಿಕ್ಕ ಕೊಂಡಿಯ ಮೂಲಕ ಜೋಡಿಸಿದ್ದು. ಇದರಿಂದ ಎರಡು ಪ್ರಯೋಜನಗಳು ಒಟ್ಟಿಗೇ ಕೈಗೂಡಿದವು: ಸಾಮಾನ್ಯವಾಗಿ ನೀರಿಗೆ ಒಗ್ಗದ ಪಾಲಿಥಯೊಫೀನು ನೀರಿನಲ್ಲಿ ಕರಗಿತು; ಡಿಎನ್‌ಎಯ ಋಣ ವಿದ್ಯುದಂಶವು ಅದನ್ನು ತಾನಾಗಿಯೇ ಸೆಳೆಯಿತು. ಇನ್ನು ನಾಳದಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡೋಣ. ಪಾಲಿಮರ್ ಒಂಟಿಯಾಗಿರುವಾಗ ಅದರ ಸರಪಳಿಯು ನೀರಿನಲ್ಲಿ ಅಡ್ಡಾದಿಡ್ಡಿಯಾಗಿ ತಿರುಚಿಕೊಂಡಿದ್ದು, 397 ನ್ಯಾನೋಮೀಟರಿನ ನೇರಳೆ ಬೆಳಕನ್ನು ಹೀರುತ್ತದೆ; ನೇರಳೆಯನ್ನು ಕಳೆದುಕೊಂಡ ಬಿಳಿಯ ಬೆಳಕು ನಮಗೆ ಹಳದಿಯಾಗಿ ತೋರುತ್ತದೆ. ಒಂಟಿ ಎಳೆಯ ಶೋಧಕವು ಬಂದಾಗ ಧನ ಋಣಗಳು ಪರಸ್ಪರ ಅಪ್ಪಿ, ಪಾಲಿಮರಿನ ಬಳೆಗಳು ಸಮತಲಕ್ಕೆ ಎಳೆಯಲ್ಪಟ್ಟು, ಜೋಡಿಗಳು ಒತ್ತೊತ್ತಾಗಿ ಮುದ್ದೆಗಟ್ಟುತ್ತವೆ. ಆಗ ಹೀರಲ್ಪಡುವುದು 527 ನ್ಯಾನೋಮೀಟರಿನ ಹಸಿರು ಬೆಳಕು, ಕಾಣುವುದು ಕೆಂಪು. ಸರಿಜೋಡಿಯ ಎಳೆಯು ಬಂದು ಶೋಧಕವನ್ನು ಕೂಡಿಕೊಂಡೊಡನೆ ಡಿಎನ್‌ಎಯು ಸುರುಳಿಯಾಗುತ್ತದೆ. ಅದನ್ನು ಬಿಟ್ಟುಹೋಗಲಾರದ ಪಾಲಿಮರು ತಾನೂ ಮೂರನೆಯ ಎಳೆಯಂತೆ ಅದನ್ನು ಬಳಸಿಕೊಂಡು ಸುತ್ತಬೇಕಾಗುತ್ತದೆ. ಸುತ್ತುವಾಗ ಬಳೆಗಳು ಮತ್ತೆ ತಿರುಚಿಕೊಂಡು, 421 ನ್ಯಾನೋಮೀಟರಿನ ಬೆಳಕನ್ನು ಹೀರಿ, ಹಳದಿಯು ಮರಳುತ್ತದೆ. ಇಷ್ಟರಲ್ಲಿ ಎಲ್ಲಿಯೂ ಒಂದು ರಾಸಾಯನಿಕ ಬಂಧವು ಕಡಿಯಲೂ ಇಲ್ಲ, ಹೊಸದಾಗಿ ಬೆಸೆಯಲೂ ಇಲ್ಲ. ನಡೆದದ್ದೆಲ್ಲ ವಿದ್ಯುತ್ತಿನ ಸೆಳೆತ ಮತ್ತು ಭಂಗಿಯ ಬದಲಾವಣೆ.

ಬಣ್ಣವು ಕಣ್ಣಿಗೆ ಹಿತವಾದರೂ ಅದಕ್ಕೆ ಬೇಕಾಗುವ ಡಿಎನ್‌ಎಯ ಪ್ರಮಾಣವು ಅಪಾರ. ಬರಿಗಣ್ಣಿಗೆ ಕಾಣುವಷ್ಟು ಬದಲಾವಣೆಯಾಗಬೇಕಾದರೆ ನಾಳದಲ್ಲಿ ಲಕ್ಷಾಂತರ ಕೋಟಿ ಅಣುಗಳಿರಬೇಕು. ಆದರೆ ಈ ಪಾಲಿಮರಿಗೆ ಪ್ರತಿದೀಪ್ತಿಯ ಗುಣವೂ ಉಂಟು. ಒಂಟಿಯಾಗಿರುವಾಗ ಅದು 530 ನ್ಯಾನೋಮೀಟರಿನ ಸುಮಾರಿಗೆ ಹಸಿರಾಗಿ ಬೆಳಗುತ್ತದೆ. ಒಂಟಿ ಎಳೆಯೊಡನೆ ಮುದ್ದೆಗಟ್ಟಿದಾಗ ಆ ಬೆಳಕು ಅಡಗುತ್ತದೆ. ಜೋಡಿಯೆಳೆಯನ್ನು ಸುತ್ತಿದಾಗ ಮತ್ತೆ ಮೂಡುತ್ತದೆ. ಈ ಬೆಳಕನ್ನು ಅಳೆದಾಗ 200 ಮೈಕ್ರೋಲೀಟರಿನಲ್ಲಿ ಮೂವತ್ತು ಲಕ್ಷದಷ್ಟು ಅಣುಗಳಿದ್ದರೂ ಪತ್ತೆಯಾದವು. ಕೋಟಿಗಳ ಲೆಕ್ಕದಿಂದ ಲಕ್ಷಗಳ ಲೆಕ್ಕಕ್ಕೆ ಇಳಿದದ್ದು ದೊಡ್ಡ ಜಿಗಿತವೇ ಸರಿ. 2004ರಲ್ಲಿ ಅದೇ ತಂಡವು, ಕಿಮ್ ಡೋರೇ ಅವರು ಮೊದಲ ಲೇಖಕರಾಗಿದ್ದ ಪ್ರಬಂಧದಲ್ಲಿ, ದೃಗ್ಯಂತ್ರವನ್ನು ಇನ್ನಷ್ಟು ಸೂಕ್ಷ್ಮಗೊಳಿಸಿ, 150 ಮೈಕ್ರೋಲೀಟರಿನಲ್ಲಿ 220 ಅಣುಗಳನ್ನು ಹಿಡಿದುದಾಗಿ ತಿಳಿಸಿತು.

ಇದೇ ಕಾಲದಲ್ಲಿ ಬೇರೆ ಕಡೆಯಲ್ಲಿಯೂ ಜನರು ಇದೇ ಜಾಡನ್ನು ಹಿಡಿದಿದ್ದರು. ಇಂಥ ಸರಪಳಿಯ ಒಂದು ಕಡೆ ಹೀರಿದ ಬೆಳಕಿನ ಶಕ್ತಿಯು ಉದ್ದಕ್ಕೂ ಓಡಾಡಬಲ್ಲದೆಂದೂ, ಆದುದರಿಂದ ಒಂದೇ ಸ್ಥಳದಲ್ಲಾದ ಸ್ಪರ್ಶವು ಇಡೀ ಸರಪಳಿಯ ಬೆಳಕನ್ನು ಆರಿಸಬಲ್ಲದೆಂದೂ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಟಿಮೊಥಿ ಸ್ವೇಗರ್ ಅವರು 1990ರ ದಶಕದಲ್ಲಿಯೇ ತೋರಿಸಿದ್ದರು. ಅವರ ಪಾಲಿಮರುಗಳು ಮುಂದೆ ನೆಲಬಾಂಬಿನ ಟಿಎನ್‌ಟಿ ಆವಿಯನ್ನು ಮೂಸುವ ಉಪಕರಣಗಳಲ್ಲಿ ಸೇರಿದವು. ಸ್ವೀಡನ್ನಿನ ಲಿಂಕೋಪಿಂಗ್‌ನಲ್ಲಿ ನಿಲ್ಸನ್ ಮತ್ತು ಇಂಗನೆಸ್ ಅವರು ಧನ ಋಣ ಎರಡನ್ನೂ ಹೊತ್ತ ಪಾಲಿಥಯೊಫೀನಿನಿಂದ 2003ರಲ್ಲಿ ಇದೇ ಫಲವನ್ನು ಪಡೆದರು. ಅಮೆರಿಕೆಯ ಸಾಂಟಾ ಬಾರ್ಬರಾದಲ್ಲಿ, ನೊಬೆಲ್ ಪಡೆದ ಹೀಗರ್ ಅವರೇ ಗೇಲಾರ್ಡ್ ಮತ್ತು ಬಜಾನ್ ಅವರೊಡನೆ 2002ರಲ್ಲಿ ಇನ್ನೊಂದು ಚಮತ್ಕಾರವನ್ನು ಮಾಡಿದರು. ಡೆನ್ಮಾರ್ಕಿನಲ್ಲಿ 1991ರಲ್ಲಿ ರಚಿತವಾದ ಪಿಎನ್‌ಎ ಎಂಬ ಕೃತಕ ಎಳೆಗೆ ಡಿಎನ್‌ಎಯಂತೆಯೇ ಅಕ್ಷರಗಳುಂಟು, ಆದರೆ ವಿದ್ಯುದಂಶವಿಲ್ಲ. ಹಾಗಾಗಿ ಧನ ಪಾಲಿಮರು ಅದನ್ನು ಉದಾಸೀನ ಮಾಡುತ್ತದೆ. ಅದಕ್ಕೆ ಸರಿಜೋಡಿಯಾದ ಡಿಎನ್‌ಎ ಬಂದು ಕೂಡಿದಾಗ ಮಾತ್ರ ಇಡೀ ಜೋಡಿಯು ಋಣವಾಗಿ, ಪಾಲಿಮರು ಓಡಿಬಂದು ಹತ್ತಿ, ತಾನು ಹೀರಿದ ಬೆಳಕಿನ ಶಕ್ತಿಯನ್ನು ಪಿಎನ್‌ಎಯ ತುದಿಯಲ್ಲಿದ್ದ ವರ್ಣಕ್ಕೆ ದಾಟಿಸಿ, ಅದನ್ನು ಬೆಳಗಿಸುತ್ತದೆ.

ಜಾಣ ವಾಚಕರು ಇಲ್ಲಿ ತಡೆದು ಕೇಳಬಹುದು: ತುದಿಯಲ್ಲಿ ವರ್ಣವಿದೆಯೆಂದ ಮೇಲೆ ಗುರುತು ಮತ್ತೆ ಬಂದಂತಾಯಿತಲ್ಲ? ಹೌದು, ಬಂದಿತು. ಲೆಕ್ಲೇರ್ ಅವರ ತಂಡವೂ 2005ರಲ್ಲಿ, ಮೂರು ಮಿಲಿಲೀಟರಿನಲ್ಲಿ ಐದೇ ಅಣುಗಳನ್ನು ಹಿಡಿಯುವ ಹಂಬಲದಿಂದ, ಶೋಧಕದ ತುದಿಗೆ ವರ್ಣವನ್ನು ಕಟ್ಟಿತು. ಆದರೂ ಇದರಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಗುರುತನ್ನು ಹೊತ್ತಿರುವುದು ಕಾರ್ಖಾನೆಯಲ್ಲಿ ಒಮ್ಮೆ ತಯಾರಾಗಿ ಸೀಸೆಯಲ್ಲಿ ಬರುವ ಶೋಧಕ; ರೋಗಿಯ ಡಿಎನ್‌ಎ ಬರಿಮೈಯಲ್ಲಿಯೇ ಇದೆ. ಈ ಕ್ಷೇತ್ರದವರು ಗುರುತಿಲ್ಲದ ವಿಧಾನವೆಂದು ಹೇಳುವಾಗ ಹಲವು ವೇಳೆ ಈ ಎರಡನ್ನೂ ಕಲಸಿಬಿಡುವರು. ಓದುವವರು ಯಾರ ಕೊರಳಿಗೆ ದೊಂಟೆಯಿದೆಯೆಂದು ನೋಡಿಕೊಂಡು ಓದುವುದು ಒಳ್ಳೆಯದು.

ಇಷ್ಟು ಸೊಗಸಾದ ವಿದ್ಯೆಯು ಎರಡು ದಶಕಗಳು ಕಳೆದ ಮೇಲೂ ಆಸ್ಪತ್ರೆಯ ಮೇಜಿಗೆ ಏಕೆ ಬರಲಿಲ್ಲ? ಪ್ರತಿಸ್ಪರ್ಧಿಯು ಬಲಶಾಲಿಯೆಂಬುದು ಒಂದು ಕಾರಣ. ಕ್ಯಾರಿ ಮುಲ್ಲಿಸ್ ಅವರು 1983ರಲ್ಲಿ ಕಂಡುಹಿಡಿದ ಪಿಸಿಆರ್ ವಿಧಾನವು ಬೇಕಾದ ತುಣುಕನ್ನು ಸುತ್ತುಸುತ್ತಿಗೂ ಇಮ್ಮಡಿಸುತ್ತ, ಮೂವತ್ತು ಸುತ್ತುಗಳಲ್ಲಿ ಒಂದನ್ನು ನೂರು ಕೋಟಿಗೂ ಹೆಚ್ಚು ಮಾಡುತ್ತದೆ. ಹುಡುಕುವ ವಸ್ತುವನ್ನೇ ಬೆಳೆಸಿಬಿಡುವವನಿಗೆ ಕಣ್ಣು ಅಷ್ಟು ಚುರುಕಾಗಿರಬೇಕಾದ ಅಗತ್ಯವಿಲ್ಲ. 2002ರ ಪ್ರಬಂಧದ ಸಹಲೇಖಕರಲ್ಲಿ ಒಬ್ಬರಾದ ಲಾವಾಲಿನ ಸೂಕ್ಷ್ಮಜೀವಿಶಾಸ್ತ್ರಜ್ಞ ಮಿಶೆಲ್ ಬೆರ್ಜೆರಾನ್ ಅವರೇ, ಹೆರಿಗೆಗೆ ಬಂದ ತಾಯಂದಿರಲ್ಲಿ ಬಿ ಗುಂಪಿನ ಸ್ಟ್ರೆಪ್ಟೊಕಾಕಸ್ ಕ್ರಿಮಿಯನ್ನು ಮುಕ್ಕಾಲು ಗಂಟೆಯೊಳಗೆ ಪತ್ತೆಮಾಡುವ ವಿಧಾನವನ್ನು 2000ದಲ್ಲಿ ಪ್ರಕಟಿಸಿದ್ದು ಪಿಸಿಆರನ್ನು ನೆಚ್ಚಿಕೊಂಡೇ. ಕ್ರಿಮಿಯನ್ನು ಬೆಳೆಸಿ ನೋಡುವ ಹಳೆಯ ಪರೀಕ್ಷೆಗೆ ಅದುವರೆಗೆ ಒಂದೂವರೆ ದಿನವಾದರೂ ಬೇಕಾಗುತ್ತಿತ್ತು. 2020ರ ಮಹಾಮಾರಿಯಲ್ಲಿ ಬೆಂಗಳೂರಿನಿಂದ ಹಿಡಿದು ಜಿಲ್ಲೆಗಳವರೆಗೆ ನಮ್ಮವರ ಮೂಗಿನ ದ್ರವವನ್ನು ಪರೀಕ್ಷಿಸಿದ ಆರ್‌ಟಿ-ಪಿಸಿಆರ್ ಯಂತ್ರಗಳಲ್ಲಿಯೂ ಬೆಳಗುತ್ತಿದ್ದುದು ಶೋಧಕಕ್ಕೆ ಬೆಸೆದ ವರ್ಣವೇ.

ಇನ್ನೊಂದು ಕಾರಣವು ಪಾಲಿಮರಿನ ಸ್ವಭಾವದಲ್ಲಿಯೇ ಹುದುಗಿದೆ, ಮತ್ತು ನನ್ನ ಎಣಿಕೆಯಲ್ಲಿ ಇದೇ ಮುಖ್ಯವಾದುದು. ಯಾವ ಸೆಳೆತದಿಂದ ಅದು ಡಿಎನ್‌ಎಯನ್ನು ಅರಿಯುವುದೋ, ಆ ಸೆಳೆತಕ್ಕೆ ವಿವೇಚನೆಯಿಲ್ಲ. ಋಣ ವಿದ್ಯುದಂಶವುಳ್ಳ ವಸ್ತು ಯಾವುದಾದರೇನು, ಧನ ಪಾಲಿಮರು ಅದರ ಕಡೆಗೆ ವಾಲುತ್ತದೆ. ರಕ್ತದ ಆಲ್ಬುಮಿನ್, ರಕ್ತ ಹೆಪ್ಪುಗಟ್ಟದಿರಲೆಂದು ನಾಳದಲ್ಲಿ ಹಾಕಿರುವ ಹೆಪಾರಿನ್, ಜೀವಕೋಶಗಳ ಪೊರೆಯ ಚೂರುಗಳು, ಬೇರೆ ಸಾವಿರ ಜಾಗಗಳಿಂದ ಒಡೆದು ಬಂದ ಪರಕೀಯ ಡಿಎನ್‌ಎ ಇವೆಲ್ಲವೂ ಋಣವೇ. ಲವಣದ ಪ್ರಮಾಣವು ಏರಿದರೆ ಸೆಳೆತವೇ ಸಡಿಲವಾಗುತ್ತದೆ. ಅಕ್ಷರಗಳನ್ನು ಓದುವುದು ಶೋಧಕದ ಕೆಲಸ. ಓದಿದ್ದನ್ನು ಕೂಗಿ ಹೇಳುವುದಷ್ಟೇ ಪಾಲಿಮರಿನದು. ಕೂಗುವವನು ಬೀದಿಯ ಪ್ರತಿಯೊಂದು ಸದ್ದಿಗೂ ಕೂಗತೊಡಗಿದರೆ ಕೇಳುವವನಿಗೆ ಏನೂ ತಿಳಿಯದು. ಆದುದರಿಂದ ಶುದ್ಧೀಕರಿಸಿದ ಡಿಎನ್‌ಎಯ ಸ್ವಚ್ಛ ದ್ರಾವಣದಲ್ಲಿ ಇನ್ನೂರು ಅಣುಗಳನ್ನು ಹಿಡಿದ ಪಾಲಿಮರು, ರೋಗಿಯ ಕಫದಲ್ಲಿಯೋ ರಕ್ತದಲ್ಲಿಯೋ ಮುಗ್ಗರಿಸುತ್ತದೆ. ಗುರುತು ಕಟ್ಟುವ ಹೊರೆಯು ತಪ್ಪಿದರೂ ಶುದ್ಧೀಕರಿಸುವ ಹೊರೆಯು ತಪ್ಪಲಿಲ್ಲ.

ಹಾಗೆಂದು ಇದನ್ನು ವಿಫಲವಾದ ಸಾಹಸವೆನ್ನುವುದು ಸಲ್ಲದು. ಪ್ರೋಟೀನುಗಳು ತಪ್ಪಾಗಿ ಮಡಿಚಿಕೊಂಡು ಮಿದುಳಿನಲ್ಲಿ ಗಂಟುಕಟ್ಟುವ ರೋಗಗಳ ಅಧ್ಯಯನದಲ್ಲಿ, ಲಿಂಕೋಪಿಂಗ್‌ನ ನಿಲ್ಸನ್ ಅವರು ಇದೇ ಥಯೊಫೀನಿನ ಗಿಡ್ಡ ಸರಪಳಿಗಳನ್ನು ಬಳಸಿ ಆ ಗಂಟುಗಳನ್ನು ಬೇರೆಬೇರೆ ಬಣ್ಣಗಳಲ್ಲಿ ಕಾಣಿಸುತ್ತಿರುವರು. ಅಲ್ಲಿ ಬೇಕಾದದ್ದು ಅಕ್ಷರಜ್ಞಾನವಲ್ಲ, ಆಕಾರಜ್ಞಾನ, ಮತ್ತು ಈ ಸರಪಳಿಗಳ ನಿಜವಾದ ಪ್ರತಿಭೆಯೂ ಅದೇ. ಡಿಎನ್‌ಎಯ ವಿಷಯದಲ್ಲಿ ಮಾತ್ರ, ತಾಲ್ಲೂಕು ಆಸ್ಪತ್ರೆಯ ದಾದಿಯೊಬ್ಬಳು ಬೆರಳಿನ ರಕ್ತವನ್ನು ನೇರವಾಗಿ ನಾಳಕ್ಕೆ ಹಾಕಿ, ಬಣ್ಣವನ್ನು ನೋಡಿ ರೋಗವನ್ನು ಹೇಳುವ ಕಾಲವು ಬರಬೇಕಾದರೆ, ಇನ್ನೂ ಹೆಚ್ಚು ಸೂಕ್ಷ್ಮವಾದ ಪಾಲಿಮರಿಗಿಂತ, ತನ್ನದಲ್ಲದ ಋಣವನ್ನು ಕಂಡು ಸುಮ್ಮನಿರಬಲ್ಲ ಪಾಲಿಮರನ್ನು ರಸಾಯನಶಾಸ್ತ್ರಜ್ಞರು ಮೊದಲು ಕಟ್ಟಬೇಕಾಗಿದೆ.